ರೆಂಟನ್ ಗುಡ್ಡದ ಗುಂಡಿ

ಶನಿವಾರ ಹೆಂಡತಿ ನಿಂಗವ್ವನೊಂದಿಗೆ ಬಾಥೆಲ್‌ನ ನೆಂಟರ ಮನೆಗೆ ಹೋಗಿ, ಭಾನುವಾರ ಬೆಳಿಗ್ಗೆ ರೆಂಟನ್ ಗುಡ್ಡದ ತಮ್ಮ ಮನೆಗೆ ಹಿಂತಿರುಗಿದ ಶೇಖರಪ್ಪ, ಹಿತ್ತಲ ಬಾಗಿಲು ತೆರೆದವರು ಹೊಸ್ತಿಲಲ್ಲೇ ನಿಂತುಬಿಟ್ಟರು.

ಹುಲ್ಲುಹಾಸಿನ ನಡುವೆ ನೆಲ ಬಾಯಿ ಬಿಟ್ಟಿತ್ತು!

"ನಿಂಗವ್ವಾ, ಹೊರಗ ಬರಬ್ಯಾಡ!"

ಸೊಂಟದಷ್ಟು ಆಳದ ಗುಂಡಿ. ತಳದಲ್ಲಿ ಮಳೆನೀರು. ಅಂಚಿನ ಹುಲ್ಲು ಹರಿದು ಒಳಗೆ ಜೋತುಬಿದ್ದಿತ್ತು. ಆ ಗುಡ್ಡದ ಹೊಟ್ಟೆಯಲ್ಲಿ ಹಳೆಯ ಕಲ್ಲಿದ್ದಲು ಗಣಿಯ ಸುರಂಗಗಳಿವೆ ಎಂಬುದು ಬೀದಿಗೆಲ್ಲ ಗೊತ್ತಿತ್ತು. ಆದರೆ ಆ ಟೊಳ್ಳನ್ನು ತುಂಬಿಸಿಯಾಗಿತ್ತಲ್ಲ? ಆಳಕ್ಕೆ ಕೊಳವೆ ಕೊರೆದು, ತೆಳು ಸಿಮೆಂಟ್ ಇಳಿಸಿ, ಇನ್ನು ಈ ನೆಲ ಕುಸಿಯುವುದಿಲ್ಲ ಎಂದು ಎಂಜಿನಿಯರ್ ಪೂರ್ಣಿಮಾ ಎಲ್ಲರೆದುರು ಮಾತು ಕೊಟ್ಟು ಇನ್ನೂ ತಿಂಗಳಾಗಿರಲಿಲ್ಲ.

ಮಧ್ಯಾಹ್ನದೊಳಗೆ ಬೀದಿ ಖಾಲಿಯಾಯಿತು. ಪೊಲೀಸರು ಕಟ್ಟಿದ ಹಳದಿ ಪಟ್ಟಿಯಾಚೆ ಜನ ಬ್ಯಾಗು ಹಿಡಿದು ನಿಂತರು. ಪಕ್ಕದ ಮನೆಯ ವೈಶಾಲಿ ಕಂಕುಳಲ್ಲಿ ಮಗುವನ್ನಿಟ್ಟುಕೊಂಡು ಸಿಡಿದಳು.

"ಪೂರ್ಣಿಮಾ, ನಿಮ್ಮ ಮಾತು ನಂಬಿ ಮಗೂನ ಈ ಮನೇಲಿ ಮಲಗಿಸಿದ್ವಿ. ಈಗೇನ್ ಹೇಳ್ತೀರಿ?"

ಪೂರ್ಣಿಮಾಳ ಕಂಪನಿಯಲ್ಲೇ ಎಂಜಿನಿಯರ್ ಆಗಿರುವ ಅವಳ ಗಂಡ ಕಲ್ಮೇಶ್ ಅವಳಿಗೆ ಕೊಡೆ ಹಿಡಿದು ನಿಂತಿದ್ದ. ನಿಂಗವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದುದನ್ನು ಕಂಡು ಅವರತ್ತ ಬಾಗಿದ.

"ಅಳಬ್ಯಾಡ್ರಿ ಅವ್ವಾ. ಮನಿ ನಿಂತೈತಿ, ನೀವಿಬ್ಬರೂ ಆರಾಮ ಅದೀರಿ. ನಿಮ್ಮ ಕರಿಬೇವಿನ ಗಿಡಾನೂ ಗೋಡಿ ಮಗ್ಗಲಕ್ಕ ಬೆಚ್ಚಗ ಐತಿ. ಇನ್ನೇನು ಬೇಕು?"

ಆಗ ತಾನೇ ಕಾರಿನಿಂದಿಳಿದ ಹೆಂಗಸೊಬ್ಬರು ಅವನನ್ನು ಒಮ್ಮೆ ನೋಡಿ, ಪಟ್ಟಿ ದಾಟಿ ಹಿತ್ತಲಿಗೆ ಹೋದರು. ಅವರು ಜೋಯ್ಸ್. ಮಂಗಳೂರಿನ ಕಡೆಯವರು. ನೆಲ ಕುಸಿದಲ್ಲೆಲ್ಲ ಕಾರಣ ಹುಡುಕುವ ಭೂವಿಜ್ಞಾನಿ.

ಹಿತ್ತಲಿನಿಂದ ಹೊರಬಂದ ಜೋಯ್ಸ್ ಮೊದಲು ಕರೆದದ್ದು ಕೊಳವೆ ಕೊರೆಯುವ ತಂಡದ ನೆಲ್ಸನ್‌ನನ್ನು.

"ಶನಿವಾರ ಎಲ್ಲಿದ್ರಿ?"

"ಮನೇಲಿ. ಒಬ್ಬನೇ."

"ಪೂರ್ಣಿಮಾ ಈ ಕೆಲಸಕ್ಕೆ ಮುಖ್ಯಸ್ಥೆ ಆದದ್ದು ನಿಮಗೆ ಹಿಡಿಸ್ಲಿಲ್ಲ ಅಂತಾರೆ. ನಿಜವಾ?"

"ನಿಜ. ಆ ಜಾಗಕ್ಕೆ ನಾನೂ ಕಾದಿದ್ದೆ. ಪೇಪರಲ್ಲಿ ಅವಳ ಫೋಟೋ ನೋಡಿ ಅವತ್ತು ಊಟ ಸೇರ್ಲಿಲ್ಲ. ಆದ್ರೆ ಸಿಮೆಂಟ್ ಇಳಿಸಿದ್ದು ನನ್ನ ಕೈ, ಮೇಡಂ. ನೆಲ ಕುಸಿದ್ರೆ ನನ್ನ ಹೆಸರೂ ಹೋಗುತ್ತೆ."

ಆಮೇಲೆ ಕಲ್ಮೇಶ್.

"ಹೆಂಡತಿಯೇ ಈಗ ನಿಮಗೂ ಮುಖ್ಯಸ್ಥೆ. ಹೇಗನಿಸುತ್ತೆ?"

"ಹೆಮ್ಮೆ ಅನಿಸುತ್ತೆ! ಅವಳಿಗೆ ಈ ಕೆಲಸ ಕಲಿಸಿದ್ದೇ ನಾನು. ಈಗ ದೇವಸ್ಥಾನಕ್ಕೆ ಹೋದ್ರೂ ಜನ ನನ್ನನ್ನ 'ಪೂರ್ಣಿಮಾ ಗಂಡ' ಅಂತಾರೆ." ಅವನು ನಕ್ಕ. ನಗು ತುಟಿಯಲ್ಲೇ ಉಳಿಯಿತು.

"ಈ ಹಿತ್ತಲಿಗೆ ಕೊನೇಸಲ ಬಂದದ್ದು?"

"ಕೆಲಸ ಮುಗಿದ ಮೇಲೆ ಬಂದೇ ಇಲ್ಲ."

ಕೊನೆಗೆ ಜೋಯ್ಸ್ ಮುದುಕ ದಂಪತಿಯ ಬಳಿ ಕೂತರು.

"ಕರಿಬೇವಿನ ಕುಂಡ ಯಾವಾಗ್ಲೂ ಎಲ್ಲಿರ್ತಿತ್ತು, ಅಮ್ಮಾ?"

"ಹುಲ್ಲಿನ ನಟ್ಟನಡುವ. ಬಿಸಲು ಬೀಳೂದು ಅಲ್ಲೆ ಅಷ್ಟ," ಎಂದರು ನಿಂಗವ್ವ. "ಊರಿಗೆ ಹೋಗೂ ಮುಂದ ಇವರು ಸರಿಸಿರಬೇಕು."

"ನಾನು? ನಾ ಎಲ್ಲಿ ಸರಿಸೇನಿ?" ಶೇಖರಪ್ಪ ಬೆರಗಾದರು. "ನೀ ಸರಿಸೀ ಅಂತ ನಾ ತಿಳಕೊಂಡೇನಿ!"

"ಗೋಡೆ ಪಕ್ಕ ಇದೆ ಅಂತ ಯಾರಿಗಾದ್ರೂ ಹೇಳಿದ್ರಾ?"

"ಇಲ್ಲರೀ. ಗುಂಡಿ ನೋಡಿದವನ ಬಾಗಿಲಾ ಹಾಕಿ ಫೋನ್ ಮಾಡಿದೆ. ಪೊಲೀಸರು ಬಂದು ಹಿತ್ತಲಾನ ಮುಚ್ಚಿಬಿಟ್ರು."

ಜೋಯ್ಸ್ ಎದ್ದು, ಎಲ್ಲರನ್ನೂ ಹಳದಿ ಪಟ್ಟಿಯ ಬಳಿಗೆ ಕರೆದರು.

"ನೆಲ ಕುಸಿದಿಲ್ಲ. ಗುಂಡಿ ತೋಡಿದ್ದಾರೆ."

ಗುಂಪಿನಲ್ಲಿ ಗುಜುಗುಜು ಎದ್ದಿತು.

"ಶನಿವಾರ ರಾತ್ರಿಯಿಡೀ ಮಳೆ. ಆ ನೀರು ಗುಂಡಿಯಲ್ಲಿ ಹಾಗೇ ನಿಂತಿದೆ. ಕೆಳಗೆ ಗಣಿಯ ಟೊಳ್ಳಿದ್ರೆ ನೀರು ಇಳಿದು ಹೋಗ್ಬೇಕಿತ್ತು. ಅನುಮಾನ ಬಂದು ತಳಕ್ಕೆ ಸರಳು ಚುಚ್ಚಿದೆ — ಗಟ್ಟಿ ಮಣ್ಣು, ಕದಲಿಲ್ಲ. ತೋಡಿದ ಮಣ್ಣು ಬೇಲಿಯಾಚೆ ಮುಳ್ಳಿನ ಬ್ಲ್ಯಾಕ್‌ಬೆರಿ ಪೊದೆಯ ಕೆಳಗಿದೆ. ಆದ್ರೆ ಅಂಚನ್ನ ಒಳಕ್ಕೆ ಕೊರೆದು, ಹುಲ್ಲು ಜೋತು ಬೀಳೋ ಹಾಗೆ ಮಾಡಿದ್ದಾರೆ. ಕುಸಿತ ಹೇಗಿರುತ್ತೆ ಅಂತ ಬಲ್ಲವರದೇ ಕೆಲಸ."

ಎಲ್ಲರ ಕಣ್ಣೂ ನೆಲ್ಸನ್ ಮೇಲೆ ಬಿತ್ತು. ಅವನ ಮುಖ ಬಿಳಿಚಿತು.

"ಅವರಲ್ಲ," ಎಂದರು ಜೋಯ್ಸ್. "ತೋಡೋ ಜಾಗದಲ್ಲಿ ಕರಿಬೇವಿನ ಕುಂಡ ಇತ್ತು. ಈ ಚಳಿಯ ಊರಲ್ಲಿ ಅದನ್ನ ಬೆಳೆಸೋದು ಎಷ್ಟು ಕಷ್ಟ ಅಂತ ಗೊತ್ತಿದ್ದವರು ಮೊದಲು ಅದನ್ನ ಜೋಪಾನವಾಗಿ ಗೋಡೆ ಪಕ್ಕ ಇಟ್ಟಿದ್ದಾರೆ. ಕಲ್ಮೇಶ್, ಕೆಲಸ ಮುಗಿದ ಮೇಲೆ ಹಿತ್ತಲಿಗೆ ಬಾರದ ನಿಮಗೆ ಅದು ಅಲ್ಲಿದೆ ಅಂತ ಹೇಗೆ ಗೊತ್ತಾಯ್ತು? ನಿಂಗವ್ವನವರಿಗೆ ಸಮಾಧಾನ ಹೇಳುವಾಗ ನಾನು ಕೇಳಿಸ್ಕೊಂಡೆ."

ಕಲ್ಮೇಶ್ ಏನೋ ಹೇಳಹೋದ. ಜೋಯ್ಸ್ ಅವನ ಅಂಗಿಯ ತೋಳು ತೋರಿಸಿದರು. "ತೋಳು ಮಡಚಿ. ಆ ಪೊದೆಯ ಮುಳ್ಳು ಯಾರನ್ನೂ ಸುಮ್ಮನೆ ಬಿಡಲ್ಲ."

ಅವನು ಮಡಚಲಿಲ್ಲ. ಕೊಡೆ ಮಾತ್ರ ಮೆಲ್ಲಗೆ ಕೆಳಗಿಳಿಯಿತು. ಪೂರ್ಣಿಮಾಳ ತಲೆಯ ಮೇಲೆ ಮಳೆ ಹನಿಯತೊಡಗಿತು.

"ಆ ಕೆಲಸ ನಿನಗ ಬೇಕಾಗಿತ್ತಂದ್ರ ಕೇಳಬೇಕಾಗಿತ್ತಲ್ಲ?" ಅವಳು ಅವನತ್ತ ತಿರುಗಿದಳು. "ನಾ ಬಿಟ್ಟುಕೊಡತಿದ್ನಿ."

"ಗೊತ್ತಿತ್ತು," ಎಂದ ಕಲ್ಮೇಶ್. "ನೀ ಬಿಟ್ಟುಕೊಡತಿದ್ದಿ, ನಾ ತಗೋಬೇಕಾಗತಿತ್ತು. ಅದನ್ನ ನನಗ ತಡಕೊಳ್ಳಾಕ ಆಗಲಿಲ್ಲ."

ಅವನು ಯಾರ ಮುಖವನ್ನೂ ನೋಡದೆ, ಬೀದಿಯ ತುದಿಯಲ್ಲಿ ನಿಂತಿದ್ದ ಪೊಲೀಸ್ ಕಾರಿನತ್ತ ತಾನೇ ನಡೆದ. ಪೂರ್ಣಿಮಾ ಅವನ ಹಿಂದೆ ಎರಡು ಹೆಜ್ಜೆ ಹಾಕಿದವಳು ನಿಂತಳು.

ವೈಶಾಲಿ ಮಗುವನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡು ಜೋಯ್ಸ್ ಕಡೆ ತಿರುಗಿದಳು. "ಮೇಡಂ, ನಾವೀಗ ಮನೆಯೊಳಗೆ ಹೋಗ್ಬಹುದಾ?"

ಜೋಯ್ಸ್ ಪೂರ್ಣಿಮಾಳತ್ತ ಕೈ ತೋರಿಸಿದರು.

"ಅವರನ್ನೇ ಕೇಳಿ. ಈ ನೆಲದ ಎಂಜಿನಿಯರ್ ಅವರು."