ಮಾವ ಊದಿಕೊಟ್ಟ ಬೊರ್ಸೋಕ್

ನಮ್ಮ ನಾರಿನ್ ಊರಿನಲ್ಲಿ ಗುರುವಾರ ಮಧ್ಯಾಹ್ನ ಬೊರ್ಸೋಕ್ ಕರಿಯುವುದು ಸತ್ತವರಿಗಾಗಿ. ಕಾದ ಎಣ್ಣೆಯಲ್ಲಿ ಉಬ್ಬುವ ಆ ಹಿಟ್ಟಿನ ತುಂಡುಗಳ ಪರಿಮಳವೇ ಅವರ ಊಟ. ತಿನ್ನುವವರು ನಾವು.

ನನ್ನ ಗಂಡ ಹೋದ ಮೇಲೆ ಮಗಳು ಜಿಬೆಕ್‌ಗೆ ಮಾವನೇ ಅಪ್ಪನಾಗಿದ್ದರು. ಕುದುರೆಯ ಬಾಲ ಹೆಣೆದಷ್ಟೇ ಬಿಗಿಯಾಗಿ ಅವಳ ಜಡೆ ಹೆಣೆಯುತ್ತಿದ್ದರು. ಅವರೂ ತೀರಿಕೊಂಡ ಮೇಲೆ ಮಗು ಚಹಾ ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲ. ಇವಳನ್ನೂ ಕಳೆದುಕೊಳ್ಳುತ್ತೇನೆ ಎಂದು ನನಗೆ ಭಯವಾಗಿತ್ತು.

ಆ ಗುರುವಾರ ಅತ್ತೆ ಎಣ್ಣೆಯಿಂದ ತೆಗೆದ ತುಂಡನ್ನು ಜಿಬೆಕ್ ಸೀದಾ ಬಾಯಿಗೆ ಹಾಕಿಕೊಂಡಳು. ನಾನು ಚೀರಿ, ಬೆರಳು ಹಾಕಿ ಹೊರಗೆಳೆದೆ. ಅದು ತಣ್ಣಗಿತ್ತು. ತಟ್ಟೆಯಲ್ಲಿ ಉಳಿದವುಗಳಿಂದ ಹಬೆ ಏಳುತ್ತಿತ್ತು.

"ಕೊಡಮ್ಮಾ! ತಾತ ಊದ್ಕೊಟ್ಟಿದ್ದು ಅದು."

ಇನ್ನೊಂದನ್ನು ಎತ್ತಿಕೊಂಡಳು. ಅದೂ ತಣ್ಣಗಿತ್ತು. ಕಿಟಕಿ ಮುಚ್ಚಿದ್ದರೂ ಅವಳ ಕೆನ್ನೆಯ ಮೇಲಿನ ಕೂದಲು ಅಲುಗುತ್ತಿತ್ತು. ಮಾವನ ಹೊಗೆಸೊಪ್ಪಿನ ವಾಸನೆ ಬಂತು.

ಅತ್ತೆ ಜಾಲರಿ ಸೌಟು ಎತ್ತಿ, ಮಗುವಿನ ಪಕ್ಕದ ಖಾಲಿ ಜಾಗದೊಂದಿಗೆ ಜಗಳಕ್ಕಿಳಿದರು.

"ಏನಯ್ಯಾ ಮುದುಕಾ, ಜೀವಮಾನವೆಲ್ಲ ಬೇಯಿಸಿ ಹಾಕ್ದೆ. ನಂಗೊಂದಿನ ಊದ್ಕೊಟ್ಟಿದ್ದುಂಟಾ?"

ತಾವೂ ಒಂದನ್ನು ಬಾಯಿಗೆ ಹಾಕಿಕೊಂಡು, ಮರುಕ್ಷಣವೇ ಉಗಿದು, ಸೌಟು ಹಿಡಿದೇ ಕುಣಿದರು.

"ಸತ್ರೂ ಬುದ್ಧಿ ಬರ್ಲಿಲ್ಲ ನೋಡು ಇವ್ನಿಗೆ!"

ನಾನು ನಕ್ಕುಬಿಟ್ಟೆ. ಜಿಬೆಕ್ ಹೊಟ್ಟೆ ತುಂಬ ತಿಂದಳು.

ಮುಂದಿನ ಗುರುವಾರ ಅತ್ತೆ ಹಟ ಹಿಡಿದು, ಬಾಣಲೆಯಿಂದ ತೆಗೆದ ಮೊದಲ ತುಂಡನ್ನೇ ಬಾಯಿಗೆ ಹಾಕಿಕೊಂಡರು. ನಾನು ನೀರಿನ ಲೋಟ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಅವರು ನಿಧಾನವಾಗಿ ಅಗಿದರು, ನುಂಗಿದರು, ಸೆರಗಿನಂತೆ ಇಳಿಬಿದ್ದ ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡರು. ನೀರು ಬೇಡವೆಂದು ಕೈಯಲ್ಲಾಡಿಸಿದರು.