ಜಯಶೀಲಾಳ ಬಾಗಿಲ ಮುಂದಿನ ಹಂಪ್

"ಜಯಶೀಲಾ ಮನೆ ಮುಂದೆ ಹಾಕ್ರಿ ಸರ್. ಅವಳ ಬಾಗಿಲಿಗೇನು ಗಂಡು ಬರೋದೈತಾ, ದಿಬ್ಬಣ ಬರೋದೈತಾ?"

ಕಿಟಕಿಯ ಪಕ್ಕ ರವಿಕೆ ಹೊಲಿಯುತ್ತಿದ್ದ ಜಯಶೀಲಾಳ ಕಾಲು ಯಂತ್ರದ ಮೇಲೆ ಹಾಗೇ ನಿಂತುಬಿಟ್ಟಿತು. ಆ ಮಾತಾಡಿದ್ದು ಎದುರುಮನೆಯ ಏಕನಾಥಮ್ಮ. ಅಮ್ಮ ಹಾಸಿಗೆ ಹಿಡಿದಿದ್ದಾಗ ಗಂಜಿ ಕಾಯಿಸಿ ತಂದುಕೊಟ್ಟ ಅದೇ ಏಕನಾಥಮ್ಮ!

ಶ್ರೀರಾಂಪುರದ ಕಡೆಯಿಂದ ಹೊಸದುರ್ಗಕ್ಕೆ ಬರುವ ಗಾಡಿಗಳೆಲ್ಲ ಸರ್ಕಲ್ಲಿನ ಗಲಾಟೆ ತಪ್ಪಿಸಿಕೊಳ್ಳಲು ಈ ಬೀದಿಗೇ ನುಗ್ಗುತ್ತಿದ್ದವು. ಬೀದಿಯ ಜನ ಚಾ ಅಂಗಡಿಯಲ್ಲಿ ಕೂತು ಶಾಪ ಹಾಕಿದರೇ ಹೊರತು, ಪುರಸಭೆಯ ಮೆಟ್ಟಿಲು ಹತ್ತಿದವರು ಒಬ್ಬರೂ ಇಲ್ಲ. ಕೊನೆಗೆ ಗೊಲ್ಲಪ್ಪನ ಟಗರು ಲಾರಿಗೆ ಸಿಕ್ಕಿ ಸತ್ತ ಮೇಲೆ ನೋಡಿ, ಎಲ್ಲರಿಗೂ ರೋಷ ಬಂತು. ಗುಂಪಾಗಿ ಹೋಗಿ ಕೇಳಿದರು, ಮುಂದಿನ ಸಭೆಯಲ್ಲೇ ಗಾಡಿಗಳ ಓಟ ತಗ್ಗಿಸಲು ಬೀದಿಗೊಂದು ಹಂಪ್ ಮಂಜೂರಾಯಿತು. ಟಗರಿನ ಪುಣ್ಯ ದೊಡ್ಡದು ಅನ್ನಬೇಕು.

ಹಂಪ್ ಎಲ್ಲರಿಗೂ ಬೇಕು... ತಮ್ಮ ಬಾಗಿಲ ಮುಂದೆ ಮಾತ್ರ ಬೇಡ. ಹೆಣ್ಣು ನೋಡಲು ಬರುವ ಕಾರು ಬಾಗಿಲಲ್ಲೇ ಮುಗ್ಗರಿಸಿದರೆ ಸಂಬಂಧವೂ ಮುಗ್ಗರಿಸುತ್ತದೆ ಎಂದು ಅಲ್ಲಿನವರ ನಂಬಿಕೆ. ಏಕನಾಥಮ್ಮನಿಗೆ ಮದುವೆಗೆ ಬಂದ ಮಗಳು ಚೈತ್ರಾ ಇದ್ದಳು. ಪಕ್ಕದವರಿಗೆ ತಂಗಿ, ಅದರಾಚೆಯವರಿಗೆ ಮೊಮ್ಮಗಳು. ಮದುವೆಯ ಆಸೆಯೇ ಇಲ್ಲದ ಬಾಗಿಲೆಂದರೆ ಬೀದಿಗೆಲ್ಲ ಜಯಶೀಲಾಳದೊಂದೇ.

ಅವಳು ಹೊರಗೆ ಬಂದಳು. ಅಳಬಾರದೆಂದು ಹಲ್ಲು ಕಚ್ಚಿಕೊಂಡಿದ್ದಳು.

ಪುರಸಭೆಯ ಇಂಜಿನಿಯರ್ ನಾಗಭೂಷಣ ಸುಣ್ಣದ ಪುಡಿಯ ಡಬ್ಬ ಹಿಡಿದು ನಡುರಸ್ತೆಯಲ್ಲಿ ನಿಂತಿದ್ದ. ನಲವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ.

"ಇಲ್ಲೇ ಹಾಕ್ರಿ ಸರ್," ಎಂದಳು. "ಅಕ್ಕ ಹೇಳಿದ್ದು ಸರಿ ಐತೆ."

ಅವನು ತಲೆಯೆತ್ತಿ ನೋಡಿದ. ಏನೋ ಹೇಳಲು ಬಾಯಿ ತೆರೆದವನು ನುಂಗಿಕೊಂಡ. ಆಮೇಲೆ ಬಗ್ಗಿ ಅವಳ ಬಾಗಿಲ ಮುಂದೆ ಬಿಳಿ ಗೆರೆ ಎಳೆದ.

'ಇವನೂ ಅಷ್ಟೇ... ಇವನಿಗೂ ನಾನು ಮುಗಿದುಹೋದ ಹೆಂಗಸು,' ಎಂದುಕೊಂಡು ಒಳಗೆ ಹೋಗಿ ಕದ ಹಾಕಿಕೊಂಡಳು.

ಸಂಬಂಧಗಳು ಬಂದ ಕಾಲವೊಂದಿತ್ತು. ಲಕ್ವ ಹೊಡೆದ ಅಮ್ಮನನ್ನು ಬಿಟ್ಟು ಬರಲಾರೆ ಎಂದು ಜಯಶೀಲಾಳೇ ಒಂದೊಂದಾಗಿ ಬೇಡವೆಂದಳು. ಅಮ್ಮ ಕಣ್ಮುಚ್ಚುವ ಹೊತ್ತಿಗೆ ಕೇಳುವವರೂ ಇರಲಿಲ್ಲ. ಈಗ ಮನೆಯಲ್ಲಿ ಯಂತ್ರದ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಹೊಲಿದು ಮುಗಿಸಿದ ರವಿಕೆಯನ್ನೂ ಅವಳು ಒಮ್ಮೊಮ್ಮೆ ಒಳಗಿಟ್ಟುಕೊಂಡು, ಇನ್ನೂ ಹುಕ್ ಹಾಕಿಲ್ಲ, ನಾಳೆ ಬರ್ರಿ ಎನ್ನುತ್ತಿದ್ದಳು. ಆ ನೆಪದಲ್ಲಾದರೂ ಒಂದು ಜೀವ ಇನ್ನೊಮ್ಮೆ ಬಾಗಿಲಿಗೆ ಬರಲಿ ಅಂತ.

ಹಂಪ್ ಬಂತು. ಮೊದಮೊದಲು ಗಾಡಿಯೊಂದು ಧಡಕ್ಕೆಂದಾಗಲೆಲ್ಲ ಏಕನಾಥಮ್ಮನ ಮಾತೇ ಕಿವಿಯಲ್ಲಿ ಕೇಳುತ್ತಿತ್ತು. ಬರುಬರುತ್ತಾ ಸದ್ದುಗಳ ಪರಿಚಯವಾಯಿತು. ಹಾಲಿನ ಗಾಡಿಯ ಕ್ಯಾನುಗಳ ಗಲಗಲ, ಶಾಲೆ ಆಟೋದೊಳಗಿನ ಮಕ್ಕಳ ಕೂಗು... ಕಿಟಕಿಯ ಮುಂದೆ ಎಲ್ಲರೂ ಒಂದು ಕ್ಷಣ ನಿಧಾನವಾಗುತ್ತಿದ್ದರು. ಅಷ್ಟೂ ಅವಳಿಗೆ ನೆಂಟರು ಬಂದು ಹೋದಂತೆಯೇ ಅನ್ನಿಸತೊಡಗಿತು.

ಅವುಗಳಲ್ಲಿ ಒಂದು ಬೈಕು. ಕಚೇರಿ ಬಿಡುವ ಹೊತ್ತಿಗೆ ಬರುತ್ತಿತ್ತು. ಹಂಪ್ ಇನ್ನೂ ದೂರವಿರುವಾಗಲೇ ನಿಧಾನವಾಗುತ್ತಿತ್ತು, ದಾಟಿದ ಮೇಲೂ ಬೇಗ ಓಡುತ್ತಿರಲಿಲ್ಲ. ಸವಾರ ನಾಗಭೂಷಣ!

ತಾನು ಮಾಡಿಸಿದ ಕೆಲಸ ಗಟ್ಟಿಯಾಗಿದೆಯೋ ಇಲ್ಲವೋ ನೋಡಲು ಬರುತ್ತಾನೆ ಎಂದುಕೊಂಡಳು. ದಿನಾ ಯಾರಾದರೂ ಹಂಪ್ ನೋಡುತ್ತಾರೆಯೇ? ಬೀದಿಯ ಸುದ್ದಿಯೆಲ್ಲ ತಿಳಿದ ಏಕನಾಥಮ್ಮ ಒಂದು ಸಲ ಅವನ ವಿಚಾರ ಹೇಳಿದ್ದಳು. ಬಾಗೂರಿನ ಕಡೆಯವನಂತೆ. ಮದುವೆಯಾದ ಹೊಸತರಲ್ಲೇ ಹೆಂಡತಿ ತೀರಿಕೊಂಡಳಂತೆ. ಆಮೇಲೆ ಒಂಟಿಯೇ ಅಂತೆ. ಮನೆಗೆ ಇದೇ ದಾರಿ ಇರಬೇಕು, ಪಾಪ.

ಹಾಗಿದ್ದರೆ ದಾರಿಯಲ್ಲಿ ಹೋಗುತ್ತಾನೆ, ಹಂಪ್ ಇದೆ, ನಿಧಾನವಾಗುತ್ತಾನೆ, ಅಷ್ಟೇ. ಜಯಶೀಲಾ ತನಗೆ ತಾನೇ ಬುದ್ಧಿ ಹೇಳಿಕೊಂಡಳು. ಆದರೂ ಆ ಹೊತ್ತಿಗೆ ಸರಿಯಾಗಿ ತಲೆ ಬಾಚುತ್ತಿದ್ದಳು, ಮಲ್ಲಿಗೆ ಮುಡಿಯುತ್ತಿದ್ದಳು. 'ಥೂ, ಈ ವಯಸ್ಸಿಗೆ ಇದೆಲ್ಲ...' ಎಂದು ತೆಗೆದಿಟ್ಟು ಮತ್ತೆ ಮುಡಿಯುತ್ತಿದ್ದಳು. ಅವಳಿಗೆ ಅವನ ಮೇಲೆ ಮನಸ್ಸಾಗಿತ್ತು. ಇದನ್ನು ಸುತ್ತಿ ಬಳಸಿ ಹೇಳುವುದೇನಿದೆ?

ಒಂದು ಸಂಜೆ ಬೈಕು ನಿಂತಿತು. ಗಾಡಿಗಳ ಸದ್ದಿನಿಂದ ತೊಂದರೆಯಾಗುತ್ತಿದೆಯೇ ಎಂದು ಅವನು ಕಿಟಕಿಯಾಚೆಯಿಂದಲೇ ಕೇಳಿದ. ಅವಳು ಗಾಬರಿಯಲ್ಲಿ ಮುಡಿದ ಮಲ್ಲಿಗೆಯನ್ನು ಸೆರಗಿನಿಂದ ಮುಚ್ಚಿಕೊಂಡಳು.

"ಅಭ್ಯಾಸ ಆಗೈತೆ ಬಿಡ್ರಿ," ಎಂದುಬಿಟ್ಟಳು.

ಅವನ ಮುಖ ಸಣ್ಣದಾಯಿತು. ತಲೆಯಾಡಿಸಿ ಹೊರಟುಹೋದ. ಕುಡಿಯಲು ನೀರು ಬೇಕೇ ಅಂತಲಾದರೂ ಕೇಳಬಾರದಿತ್ತೇ ಎಂದು ಜಯಶೀಲಾ ಊಟ ಬಿಟ್ಟು ಕೊರಗಿದಳು.

ಅದಾದ ಮೇಲೆ ಬೈಕು ಬರಲಿಲ್ಲ. ಬಂದದ್ದು ಜೆಸಿಬಿ.

ಪುರಸಭೆಯ ಸಭೆಯಲ್ಲಿ ತೀರ್ಮಾನವಾಗಿದೆಯಂತೆ, ಇಲ್ಲಿನ ಹಂಪ್ ತೆಗೆದು ಬೀದಿಯ ಕೊನೆಯಲ್ಲಿ ಶಾಲೆಯ ಮುಂದೆ ಹಾಕಿ, ಮೇಲೆ ಬಿಳಿ ಪಟ್ಟೆ ಬಳಿಯುತ್ತಾರಂತೆ. ಇಂಜಿನಿಯರೇ ಕೇಳಿಕೊಂಡು ಮಾಡಿಸಿದ್ದಂತೆ. ಮಗಳ ಮದುವೆ ನಿಶ್ಚಯವಾದ ಖುಷಿಯಲ್ಲಿದ್ದ ಏಕನಾಥಮ್ಮ, ಪೀಡೆ ತೊಲಗಿತು ಬಿಡು ಜಯಾ ಎಂದಳು. ಜಯಶೀಲಾ ಅವಳೆದುರೇ ಗಳಗಳನೆ ಅತ್ತುಬಿಟ್ಟಳು. ಏಕನಾಥಮ್ಮ ಏನೂ ಅರ್ಥವಾಗದೆ ಸೆರಗಿನಿಂದ ಅವಳ ಕಣ್ಣೊರೆಸಿದಳು.

ರಸ್ತೆ ಸಪಾಟಾಯಿತು. ಗಾಡಿಗಳು ಕಿಟಕಿಯ ಮುಂದೆ ನಿಧಾನಿಸದೆ ಓಡಿದವು. ಅಮ್ಮ ಹೋದ ಮಾರನೆಯ ದಿನ ಮನೆ ಹೇಗಿತ್ತೋ ಮತ್ತೆ ಹಾಗೆಯೇ ಆಯಿತು. ಒಂದು ಮಧ್ಯಾಹ್ನ ಅವಳು ಅರ್ಧ ಹೊಲಿದ ರವಿಕೆ ಬಿಟ್ಟು ಎದ್ದಳು. ಚಪ್ಪಲಿ ಮೆಟ್ಟಿಕೊಂಡು ನೇರವಾಗಿ ಶಾಲೆಯ ಹತ್ತಿರ ನಡೆದಳು.

ಕೆಲಸದವರು ಬಣ್ಣದ ಡಬ್ಬ ಮುಚ್ಚಿ ಊಟಕ್ಕೆ ಹೋಗಿದ್ದರು. ನಾಗಭೂಷಣ ಒಬ್ಬನೇ ಹಸಿ ಪಟ್ಟೆಗಳಿಗೆ ಕಾವಲು ನಿಂತಿದ್ದ. ಅವಳನ್ನು ಕಂಡು ಎರಡು ಹೆಜ್ಜೆ ಮುಂದೆ ಬಂದ.

"ನನ್ನ ಮನೆ ಮುಂದಿಂದ ಯಾಕ್ರಿ ತೆಗೆಸಿದ್ರಿ?"

"ನಿಮಗೆ ನೋವಾಗ್ತಿತ್ತಲ್ಲ..."

"ನಾನು ಹೇಳಿದ್ನಾ?"

ಅವನು ನೆಲ ನೋಡಿದ. "ಅವತ್ತು ಆ ಮಾತು ಕೇಳಿದ ಕೂಡ್ಲೇ ಡಬ್ಬ ಎತ್ಕೊಂಡು ಹೊರಟೋಗಬೇಕಿತ್ತು ನಾನು. ಬಾಯಿ ಮುಚ್ಕೊಂಡು ಗೆರೆ ಎಳೆದೆ. ಗಾಡಿ ಕುಲುಕಿದಾಗೆಲ್ಲ ಆ ಮಾತು ನಿಮಗೆ ಚುಚ್ತೈತೆ ಅನ್ನಿಸ್ತಿತ್ತು. ಅಭ್ಯಾಸ ಆಗೈತೆ ಅಂದ್ರಲ್ಲ, ಅದನ್ನ ತಡ್ಕಳಾಕೆ ಆಗ್ಲಿಲ್ಲ. ಇಲ್ಲಿ ಮಕ್ಕಳು ದಾಟಾಕೂ ಬೇಕಿತ್ತು. ಸಭೇಲಿ ಕೇಳ್ಕಂಡೆ."

ಹಾಗಾದರೆ ಅವತ್ತು ಅವನು ನುಂಗಿಕೊಂಡದ್ದು ತಿರಸ್ಕಾರವಲ್ಲ... ಜಯಶೀಲಾ ಇಷ್ಟು ದಿನ ಮುಚ್ಚಿಟ್ಟುಕೊಂಡದ್ದು ಇನ್ನು ನಿಲ್ಲಲಿಲ್ಲ.

"ಅದಿದ್ದಿದ್ದಕ್ಕೇ ನಿಮ್ಮ ಗಾಡಿ ನನ್ನ ಬಾಗಿಲಲ್ಲಿ ನಿಧಾನ ಆಗ್ತಿತ್ತು. ದಿನಕ್ಕೆ ಅದೊಂದೇ ಗಳಿಗೆ ನನಗೆ ಚೆಂದ ಇರ್ತಿತ್ತು. ಇನ್ನು ನೀವು ಆ ದಾರೀಲಿ ಬಂದ್ರೂ ಬುರ್ರಂತ ಮನೆಗೆ ಹೋಗ್ತೀರಿ. ನಾನು ಯಾರಿಗೆ ಕಾಯ್ಲಿ?"

ಅವನು ತಲೆಯೆತ್ತಿದ.

"ನನ್ನ ಮನೆ ಪುರಸಭೆ ಹಿಂದಿನ ಗಲ್ಲೀಲೈತ್ರಿ," ಎಂದ ಮೆಲ್ಲಗೆ. "ಆಫೀಸಿಂದ ನಡ್ಕೊಂಡೇ ಹೋಗಬಹುದು. ನಿಮ್ಮ ಬೀದಿ ನನ್ನ ದಾರೀನೇ ಅಲ್ಲ."

ಅವಳಿಗೆ ಅದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ನಗು, ಅಳು ಎರಡೂ ಒಟ್ಟಿಗೇ ಬಂದವು.

"ಮತ್ತೆ ಒಂದು ದಿನನಾದ್ರೂ ಒಳಗೆ ಬರಬಾರದಿತ್ತಾ?"

"ನೀವು ಕರೀಲಿಲ್ಲ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಊಟ ಮುಗಿಸಿದ ಕೆಲಸದವರು ದೂರದಿಂದ ಬರುತ್ತಿದ್ದರು.

"ಸಂಜೆ ಬರ್ಲಾ?" ಎಂದ ಅವನು.

"ಸಂಜೆ ತನಕ ಯಾಕ್ರಿ?" ಎಂದಳು ಜಯಶೀಲಾ. "ಈಗ್ಲೇ ಬರ್ರಿ, ಹೋಗಾಣ."