ಬಂಡಿಯ ಉಸಿರು

"ಹೆಸರು ಮಾತ್ರ ಹೇಳಬ್ಯಾಡ್ರಿ ಅಳಿಯಂದ್ರ. ದಾರ ಮಂತ್ರಿಸಿ ಕಟ್ಟೋ ಆ ಯಮನಮ್ಮನ ಮನ್ಯಾಗ ಚಾಷ್ಟಿಗೂ ಯಾರ ಹೆಸರೂ ಬಾಯಾಗ ಬರಬಾರದು."

ಇದನ್ನು ಹೇಳುವಾಗ ಕರೆಮ್ಮ ಉಣ್ಣೆ ನೂಲುವ ಕದಿರನ್ನು ನಿಲ್ಲಿಸಿದ್ದಳು. ದೇವದುರ್ಗದ ಆಚೆಯ ಆ ಕುರಿಹಟ್ಟಿಯಲ್ಲಿ ಅವಳು ಕದಿರು ನಿಲ್ಲಿಸಿ ಮಾತಾಡುವುದೇ ಅಪರೂಪ. ಅಳಿಯ ಚೆಲುವರಾಜ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕ.

"ಅತ್ತೆ, ನಾನು ಹೋಗ್ತಿರೋದು ತಮಾಷೆ ನೋಡೋಕೆ. ದಾರ ಕಟ್ಟಿದರೆ ಎಂಜಿನ್ ಮಾತು ಕೇಳುತ್ತೆ ಅನ್ನೋದಾದ್ರೆ, ಮೈಸೂರಲ್ಲಿ ಅಷ್ಟು ದೊಡ್ಡ ಮೋಟಾರ್ ಸೈಕಲ್ ಕಾರ್ಖಾನೆ ಯಾಕೆ ಕಟ್ಟಬೇಕಿತ್ತು?"

ಮೈಸೂರು ಅವನ ಊರು. ಶಕ್ತಿನಗರದಲ್ಲಿ ವಿದ್ಯುತ್ ಕೇಂದ್ರದ ಚಿಮಣಿ ಇನ್ನೂ ಏಳುತ್ತಿದ್ದ ಕಾಲದಲ್ಲಿ ವೆಲ್ಡಿಂಗ್ ಸೂಪರ್‌ವೈಸರ್ ಆಗಿ ಬಂದವನು ಒಂದು ಟ್ರಂಕು, ಒಂದು ಯೆಜ್ಡಿ ಮೋಟಾರ್ ಸೈಕಲ್ ಜೊತೆಗೆ ತಂದಿದ್ದ. ಟ್ರಂಕಿನಲ್ಲಿ ಏನಿದೆಯೆಂದು ಅವನಿಗೇ ನೆನಪಿರಲಿಲ್ಲ. ಗಾಡಿಯ ಮೇಲೆ ಒಂದು ಗೀರು ಬಿದ್ದರೆ ಮಾತ್ರ ಊಟ ಸೇರುತ್ತಿರಲಿಲ್ಲ. ಅದಕ್ಕೆ ಕೋಡಿನಂತೆ ಎತ್ತರದ ಹ್ಯಾಂಡಲ್ ಹಾಕಿಸಿದ. ಹುಲಿಪಟ್ಟೆ ರೆಕ್ಸಿನ್ನಿನ ಸೀಟು ಹೊಲಿಸಿದ. ಸಂಬಳ ಬಂದಾಗಲೆಲ್ಲ ರಾಯಚೂರಿನ ಸತ್ತಾರ್ ಸಾಬನ ಗ್ಯಾರೇಜಿಗೆ ಹೋಗಿ ಹೊಸದೊಂದು ಹೊಳೆಯುವ ಸಾಮಾನು ಅಂಟಿಸಿಕೊಂಡು ಬರುತ್ತಿದ್ದ.

ಟ್ಯಾಂಕಿನ ಮೇಲೆ ಹಳದಿ ಅಕ್ಷರದಲ್ಲಿ "ಬಂಡಿ" ಎಂದು ಬರೆಸಿದ್ದ. ಈ ಸೀಮೆಯಲ್ಲಿ ಎತ್ತು ಎಳೆದರೂ ಬಂಡಿ, ಪೆಟ್ರೋಲು ಎಳೆದರೂ ಬಂಡಿ. ಜೊತೆಗೆ ಅವನು ಮೆಚ್ಚಿ ಮದುವೆಯಾದ ಹುಡುಗಿ, ದವಾಖಾನೆಯಲ್ಲಿ ನರ್ಸ್ ಆಗಿದ್ದ ಬಂಡೆಮ್ಮನನ್ನು ಹಟ್ಟಿಯವರು ಕೂಗುತ್ತಿದ್ದುದೂ ಬಂಡಿ ಎಂದೇ. ಒಂದೇ ಹೆಸರಿನಲ್ಲಿ ಎರಡು ಪ್ರೀತಿಯನ್ನೂ ಸೇರಿಸಿದ್ದಕ್ಕೆ ಅವನಿಗೆ ಹೆಮ್ಮೆಯೋ ಹೆಮ್ಮೆ. ಬಂಡೆಮ್ಮ ಮಾತ್ರ, "ಇವತ್ತ ಯಾವ ಬಂಡಿ ಕೂಡ ಮಾತಾಡೀರಿ?" ಎಂದು ಕೆಣಕುತ್ತಿದ್ದಳು. ನಕ್ಕೇ ಕೆಣಕುತ್ತಿದ್ದಳು ಅನ್ನಿ, ಆದರೆ ಒಳಗೆ ಸ್ವಲ್ಪ ನೋವಿತ್ತು.

ಅವನಿಗೆ ನಿದ್ದೆ ಕೆಡಿಸಿದ್ದು ಮಾನ್ವಿಯ ಹನುಮಂತ್ರಾಯ. ಅಕ್ಕಿ ಗಿರಣಿಯ ಸಾಹುಕಾರ, ಬುಲೆಟ್ಟಿನ ಮಾಲೀಕ, ಗಟ್ಟಿ ಬಾಯಿಯವನು. ಗ್ಯಾರೇಜಿನಲ್ಲಿ ಎದುರಾದಾಗಲೆಲ್ಲ ಯೆಜ್ಡಿಯನ್ನು "ಹೊಗಿಗೂಡು" ಎಂದು ಕರೆಯುತ್ತಿದ್ದ. ಚೆಲುವರಾಜ ಬುಲೆಟ್ಟನ್ನು "ಎಮ್ಮೆ" ಅನ್ನುತ್ತಿದ್ದ. ಮಾತು ಬೆಳೆದು ಬೆಳೆದು ಕೊನೆಗೆ ಪಂದ್ಯಕ್ಕೆ ಬಂತು. ಓಟದ ಪಂದ್ಯವಲ್ಲ. ಎರಡು ಗಾಡಿಗಳನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಎಂಜಿನ್ ಶುರು ಮಾಡಿ, ಸ್ಕ್ರೂ ತಿರುವುತ್ತ ತಿರುವುತ್ತ ಸದ್ದನ್ನು ನಿಧಾನ ಮಾಡುವುದು. ಬಂದ್ ಆಗದೆ ಉಳಿದದ್ದು ಗೆದ್ದಂತೆ. ಸೋತವನು ತನ್ನ ಗಾಡಿಯನ್ನು ಮಾನ್ವಿಯ ಬಜಾರದ ತುಂಬ ಕೈಯಲ್ಲಿ ತಳ್ಳಿಕೊಂಡು ತಿರುಗಬೇಕು.

ಬುಲೆಟ್ಟು ಹುಟ್ಟಿನಿಂದಲೇ ಸಾವಧಾನಿ. ಯೆಜ್ಡಿ ಓಡಲು ಹುಟ್ಟಿದ್ದು, ನಿಲ್ಲಿಸಿದರೆ ಚಡಪಡಿಸುತ್ತದೆ. ಇದು ಚೆಲುವರಾಜನಿಗೂ ಗೊತ್ತಿತ್ತು. ಎಷ್ಟು ತಿರುವಿದರೂ ಹಾಳಾದ್ದು ಕೆಮ್ಮಿ ಕೆಮ್ಮಿ ಬಂದ್ ಆಗುತ್ತಿತ್ತು. "ನನ್ನ ಗಾಡಿ ಉಸಿರು ಯಮನಮ್ಮ ಕಟ್ಟ್ಯಾಳ. ನೀನೂ ಹೋಗಿ ಕೈ ಮುಗಿ, ಹೋಗಲೇ," ಎಂದು ಹನುಮಂತ್ರಾಯ ಎಲ್ಲರೆದುರು ನಕ್ಕಿದ್ದ. ಅದಕ್ಕೇ ಚೆಲುವರಾಜ ಯಮನಮ್ಮನನ್ನು ಹುಡುಕಿಕೊಂಡು ಈ ಹಟ್ಟಿಗೆ ಬಂದದ್ದು. ತಮಾಷೆಗೆ ಅಂತ ಹೇಳಿಕೊಂಡಿದ್ದ, ಆದರೆ ಗೆಲ್ಲುವ ಆಸೆ ಅವನನ್ನು ಕಿವಿ ಹಿಡಿದು ತಂದಿತ್ತು.

ಯಮನಮ್ಮನ ಮನೆಗೆ ಕಿಟಕಿಯೇ ಇರಲಿಲ್ಲ. ಹೊರಗೆ ಮಟಮಟ ಮಧ್ಯಾಹ್ನ, ಒಳಗೆ ಕಾಲಿಟ್ಟರೆ ಕಣ್ಣು ಕಟ್ಟಿದಂಥ ಕತ್ತಲೆ. ಸುಟ್ಟ ಮೆಣಸಿನಕಾಯಿಯ ಘಾಟು, ಹಸಿ ಉಣ್ಣೆಯ ಮುಗ್ಗಲು ನಾತ, ಔಡಲೆಣ್ಣೆಯ ದೀಪದ ಕಮಟು. ಮೂಲೆಯಲ್ಲಿ ಏನೋ ಮೆಲ್ಲಗೆ ಉಸಿರಾಡುತ್ತಿತ್ತು. ಕುರಿಮರಿ ಇರಬೇಕು ಅಂದುಕೊಂಡ. ಅದು ಕುರಿಮರಿ ಆಗಿರಲಿಲ್ಲ, ಅಲ್ಲಿ ಬರಿಯ ಗೋಡೆಯಿತ್ತು.

"ಹನುಮಂತ್ರಾಯ ಬಂದಿದ್ದ," ಎಂದಳು ಯಮನಮ್ಮ, ಬಾಯಲ್ಲಿ ತಂಬಾಕು ಆಡಿಸುತ್ತ. "ಹೆಸರು ಹೇಳಂದೆ. ಅಂಜಿ ಓಡಿಹೋದ. ಊರ ಮುಂದ ಕಟ್ಟಿಸೀನಿ ಅಂತ ಸುಳ್ಳು ಹೇಳಿಕೋತ ತಿರಗಾಕತ್ಯಾನ."

ಅದನ್ನು ಕೇಳಿ ಚೆಲುವರಾಜನ ಎದೆ ಉಬ್ಬಿತು. "ನಾನು ಓಡೋನಲ್ಲ. ಕಟ್ಟಮ್ಮ ಅದೇನು ಕಟ್ತೀಯೋ."

ಅವಳು ಕರಿ ಉಣ್ಣೆಯ ದಾರ ಎಳೆದಳು. "ಬಂಡಿಗೆ ತನ್ನ ಉಸಿರು ಇರಂಗಿಲ್ಲ. ಯಾರದರ ಕಡ ತರಬೇಕು. ಯಾರದು?"

"ಬಂಡಿಗೆ ಬಂಡಿದೇ ಉಸಿರು. ಬೇರೆಯವರದ್ಯಾಕೆ?"

"ಬಂಡಿ ಅಂದ್ರ ಯಾರು?"

"ಗಾಡಿ ಹೆಸರೂ ಅದೇ, ನನ್ನ ಹೆಂಡತಿ ಹೆಸರೂ ಅದೇ. ನಿನಗೆ ಯಾವುದು ಸಿಗುತ್ತೋ ತಗೋ!" ಎಂದು ಚೆಲುವರಾಜ ತೊಡೆ ತಟ್ಟಿ ನಕ್ಕ.

ಯಮನಮ್ಮ ನಗಲಿಲ್ಲ. ದೀಪದ ಕುಡಿ ಒಮ್ಮೆ ಒಳಕ್ಕೆ ಎಳೆದುಕೊಂಡು ಮತ್ತೆ ಉರಿಯಿತು. ಅವಳು ದಾರಕ್ಕೆ ಗಂಟು ಹಾಕಿದಳು, ಗಂಟಿನೊಳಗೆ ಉಫ್ ಎಂದು ಊದಿದಳು. ಹೊರಗೆ ಬಂದು ಎಂಜಿನ್ ಗಾಳಿ ಎಳೆದುಕೊಳ್ಳುವ ಬಾಯಿಯ ಬಳಿ, ಕಾರ್ಬೊರೇಟರಿಗೆ ಅದನ್ನು ಸುತ್ತಿದಳು.

"ಕೇಳಿಸ್ಕೋ. ಕೀಲಿ ತಿರುವಿ ನೀನ ಬಂದ್ ಮಾಡಿದ್ರ, ಉಸಿರು ತನ್ನ ಮನಿಗಿ ತಾನು ಹೋಗ್ತದ. ಬಂಡಿ ತಾನಾಗೇ ಬಂದ್ ಆದ್ರ ಉಸಿರೂ ಅದರ ಕೂಡ ಹೋತು. ಆಮ್ಯಾಲ ನನ್ನ ಬಾಗಿಲಿಗಿ ಬರಬ್ಯಾಡ."

ಮರುದಿನ ಸಂಜೆ ಶಕ್ತಿನಗರದ ಕ್ವಾರ್ಟರ್ಸಿನ ಅಂಗಳದಲ್ಲಿ ಸ್ಕ್ರೂ ತಿರುವಿದ. ಯೆಜ್ಡಿ ಕೆಮ್ಮಲಿಲ್ಲ. ಡುಗ್ ಡುಗ್ ಎಂದು ಇಳಿಯಿತು. ಇನ್ನೂ ಇಳಿಯಿತು. ಇಷ್ಟು ನಿಧಾನವಾಗಿ ಆ ಎಂಜಿನ್ ಮಾತಾಡಿದ್ದನ್ನು ಅವನು ಜನ್ಮದಲ್ಲಿ ಕೇಳಿರಲಿಲ್ಲ. ಸಂತೋಷಕ್ಕೆ ಕುಣಿಯಬೇಕು ಅನ್ನಿಸಿತು. ಆಗ ಸೈಲೆನ್ಸರಿನಿಂದ ಬಂದ ಹೊಗೆ ಮೂಗಿಗೆ ಬಡಿಯಿತು. ಸುಟ್ಟ ಆಯಿಲಿನ ವಾಸನೆ ಅದಲ್ಲ. ಕೊಬ್ಬರಿ ಎಣ್ಣೆ, ಡೆಟಾಲು, ಮುಡಿದು ಬಾಡಿದ ಮಲ್ಲಿಗೆ. ಹೆಂಡತಿಯ ತಲೆದಿಂಬಿನ ವಾಸನೆ.

ಒಳಗೆ ಪಾತ್ರೆ ಬಿದ್ದ ಸದ್ದಾಯಿತು. ಕೀಲಿ ತಿರುವಿ ಓಡಿದ. ಬಂಡೆಮ್ಮ ಅಡುಗೆಮನೆಯ ಗೋಡೆಗೆ ಒರಗಿ ಕೂತು, ಬಾವಿಯಿಂದ ಮೇಲೆ ಬಂದವಳ ಹಾಗೆ ಗಾಳಿ ಎಳೆಯುತ್ತಿದ್ದಳು.

"ಎದಿ ಮ್ಯಾಲ ಬೀಸುಕಲ್ಲು ಇಟ್ಟಂಗಾತ್ರಿ," ಎಂದಳು ಸ್ವಲ್ಪ ಹೊತ್ತಿಗೆ. ಅವನ ಮುಖವನ್ನೇ ನೋಡಿದಳು. "ಅವ್ವ ಬ್ಯಾಡ ಅಂದಿದ್ಲು. ಅಲ್ಲಿ ನನ್ನ ಹೆಸರು ಹೇಳೀರೇನು?"

"ಛೆ, ಹುಚ್ಚಿ. ನರ್ಸ್ ಆಗಿ ಹಿಂಗೆ ಮಾತಾಡ್ತೀಯಲ್ಲ. ಬಿಸಿಲಿನ ಧಗೆ ಅದು," ಎಂದ ಚೆಲುವರಾಜ.

ಆಮೇಲೆ ಬ್ಲೇಡು ಹಿಡಿದು ಅಂಗಳಕ್ಕೆ ಹೋದನೇನೋ ನಿಜ. ಕರಿ ದಾರಕ್ಕೆ ಬೆರಳು ತಾಗಿಸಿದ. ಎಂಜಿನ್ ಆರಿತ್ತು, ದಾರ ಮಾತ್ರ ಮೈಯಷ್ಟು ಬೆಚ್ಚಗಿತ್ತು. ಬೆರಳನ್ನು ಥಟ್ಟನೆ ಹಿಂದಕ್ಕೆಳೆದುಕೊಂಡ. ಕತ್ತರಿಸಬೇಕಿತ್ತು. ಆದರೆ ಭಾನುವಾರ ಹತ್ತಿರವಿತ್ತು, ಹನುಮಂತ್ರಾಯನ ನಗು ಕಿವಿಯಲ್ಲಿತ್ತು. ಪಂದ್ಯವೊಂದು ಮುಗಿಯಲಿ, ಆಮೇಲೆ ಕತ್ತರಿಸಿ ಎಸೆದರಾಯಿತು ಎಂದು ಬ್ಲೇಡನ್ನು ಕಿಸೆಗೆ ಹಾಕಿಕೊಂಡ. ಅಯ್ಯೋ ಪಾಪಿ ಅನ್ನದೆ ಇರಲಾಗುವುದಿಲ್ಲ.

ಭಾನುವಾರ ಮಾನ್ವಿಯ ಗಿರಣಿ ಅಂಗಳದಲ್ಲಿ ಜನವೋ ಜನ. ಕುದಿಸಿದ ಭತ್ತದ ಹುಳಿ ವಾಸನೆ, ಗಾಳಿಯ ತುಂಬ ತೌಡು. ಗೆಲುವನ್ನು ಕಣ್ಣಾರೆ ನೋಡಲಿ ಎಂದು ಬಂಡೆಮ್ಮನನ್ನು ಹಿಂದೆ ಕೂರಿಸಿಕೊಂಡು ಬಂದಿದ್ದ. ಅವಳು ಶೆಡ್ಡಿನ ಕೆಳಗೆ ಭತ್ತದ ಚೀಲಗಳ ಮೇಲೆ ಒಬ್ಬಳೇ ಕೂತಳು. ಜನವೆಲ್ಲ ಗಾಡಿಗಳ ಸುತ್ತ ನೆರೆದಿದ್ದರಿಂದ ಎಲ್ಲರ ಬೆನ್ನೂ ಅವಳ ಕಡೆಗಿತ್ತು.

"ಶುರು ಮಾಡಲೇ ಹೊಗಿಗೂಡಾ!" ಎಂದ ಹನುಮಂತ್ರಾಯ.

ಎರಡೂ ಎಂಜಿನ್ ಗುಡುಗಿದವು. ಇಬ್ಬರೂ ಸ್ಕ್ರೂ ತಿರುವಿದರು. ಸದ್ದು ಇಳಿಯಿತು. ಮತ್ತೆ ತಿರುವಿದರು. ಜನರ ಗದ್ದಲವೂ ಇಳಿಯಿತು. ಡುಗ್. ಡುಗ್. ಹನುಮಂತ್ರಾಯನ ನಗು ಆರಿತು. ಯೆಜ್ಡಿ ಹೀಗೆ ತಾಳಿಕೊಳ್ಳುತ್ತದೆಂದು ಅವನು ಕನಸಲ್ಲೂ ಎಣಿಸಿರಲಿಲ್ಲ. ಹಣೆಯ ಬೆವರು ಒರೆಸಿಕೊಂಡು ಇನ್ನೊಂದು ಸುತ್ತು ತಿರುವಿದ. ಚೆಲುವರಾಜನೂ ತಿರುವಿದ. ಮಲ್ಲಿಗೆಯ ವಾಸನೆ ಅಂಗಳಕ್ಕೆಲ್ಲ ಹಬ್ಬಿತು.

ಅವನು ತಲೆ ಎತ್ತಿದ. ಹೆಗಲುಗಳ ಸಂದಿಯಲ್ಲಿ ಬಂಡೆಮ್ಮ ಕಂಡಳು. ಬಾಯಿ ತೆರೆದಿತ್ತು. ತುಟಿ ನೀಲಿ. ಕೂಗಲು ಉಸಿರಿರಲಿಲ್ಲ. ಒಂದು ಕೈ ಮಾತ್ರ ಅವನ ಕಡೆ ಎತ್ತಿದ್ದಳು.

"ಬಂದ್ ಮಾಡ್ರಿ! ಅಳಿಯಂದ್ರ, ಬಂದ್ ಮಾಡ್ರಿ!"

ಕರೆಮ್ಮನ ದನಿ. ದೇವದುರ್ಗದ ಬಸ್ಸಿಳಿದು ಗೇಟಿನಿಂದ ಓಡಿ ಬರುತ್ತಿದ್ದಳು. "ಯಮನಮ್ಮ ಎಲ್ಲಾ ಹೇಳಿದ್ಲು! ನನ್ನ ಮಗಳು ಅದರಾಗ ಅದಾಳ! ಕೀಲಿ ತಿರುವ್ರಿ ಯಪ್ಪಾ!"

ಜನ ನಕ್ಕರು. ಯಾರೋ ಅವಳನ್ನು ಹಿಂದಕ್ಕೆ ಸರಿಸಿದರು. ಇದು ಹನುಮಂತ್ರಾಯನದೇ ಆಟ, ನನ್ನ ಕೈಯಿಂದಲೇ ಬಂದ್ ಮಾಡಿಸಲು ಅತ್ತೆಯನ್ನು ಕರೆಸಿದ್ದಾನೆ ಎಂದು ಚೆಲುವರಾಜ ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡನಷ್ಟೆ, ನಂಬಲಿಲ್ಲ. ಅವನಿಗೆ ಗೊತ್ತಿತ್ತು. ಡುಗ್ ಎಂದಾಗ ಅವಳ ಎದೆ ಏಳುತ್ತಿತ್ತು. ಮತ್ತೆ ಡುಗ್. ಮತ್ತೆ ಏಳುತ್ತಿತ್ತು. ಕಣ್ಣಾರೆ ಕಂಡ.

ಕೀಲಿ ಕೈಗೆಟಕುವಷ್ಟು ಹತ್ತಿರ. ಬೆರಳು ಅದರ ಮೇಲೆ ಹೋಯಿತು.

ಆಗಲೇ ಬುಲೆಟ್ಟು ತಡವರಿಸಿತು. ಒಂದು ಏಟು ತಪ್ಪಿತು. ಜನ ಹೋ ಎಂದರು. ಬೆರಳು ನಿಂತಿತು. ಇನ್ನೊಂದೇ ಏಟು. ಅದು ಬಂದ್ ಆಗುತ್ತದೆ. ಆಮೇಲೆ ತಿರುವುತ್ತೇನೆ. ಇನ್ನೊಂದೇ. ಡುಗ್. ಬಂಡೆಮ್ಮನ ಎತ್ತಿದ ಕೈ ಇಳಿಯಿತು. ಇನ್ನೊಂದೇ ಒಂದು. ಡುಗ್. ಬುಲೆಟ್ಟು ಮೈ ಕೊಡವಿತು. ನಡುಗಿತು. ಬಂದ್ ಆಯಿತು.

ಅವನು ಕೀಲಿ ತಿರುವಿದ. ತಿರುವಿದಾಗ ಕೈಗೆ ಏನೂ ತಿಳಿಯಲಿಲ್ಲ. ಎಂಜಿನ್ನಿನ ಅದುರು ಆಗಲೇ ನಿಂತಿತ್ತು. ಕೀಲಿಗಿಂತ ಒಂದು ಕ್ಷಣ ಮೊದಲು ಯೆಜ್ಡಿ ತಾನಾಗಿಯೇ ಆರಿತ್ತು.

ಮಲ್ಲಿಗೆಯ ವಾಸನೆ ಹೋಯಿತು. ತೌಡಿನ ವಾಸನೆ ಉಳಿಯಿತು.

"ಗೆದ್ದೆಲೇ ಮೈಸೂರಪ್ಪಾ!" ಎಂದು ಜನ ಮುಗಿಬಿದ್ದರು. ಹತ್ತಾರು ಕೈಗಳು ಅವನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡವು. ಅಷ್ಟು ಎತ್ತರದಿಂದ ಅವನಿಗೊಬ್ಬನಿಗೇ ಶೆಡ್ಡು ಪೂರಾ ಕಾಣಿಸಿತು. ಚೀಲಗಳಿಂದ ಜಾರಿ ನೆಲಕ್ಕೆ ಬಿದ್ದ ಸೀರೆ. ಅದರ ಮೇಲೆ ಬಿದ್ದು ಎದೆ ಬಡಿದುಕೊಳ್ಳುತ್ತಿದ್ದ ಕರೆಮ್ಮ. ಅವನು ಒದ್ದ. ಕೊಸರಿದ. ಇಳಿಸಿ ಎಂದ. ಯಾರಿಗೂ ಕೇಳಲಿಲ್ಲ. ಗಂಟಲು ಹರಿಯುವಂತೆ ಹೆಂಡತಿಯನ್ನು ಕೂಗಿದ.

"ಬಂಡೀ! ಬಂಡೀ!"

ಜನಕ್ಕೆ ಹುರುಪು ಏರಿತು. ಗೆದ್ದ ಗಾಡಿಗೆ ಜೈಕಾರ ಅಂದುಕೊಂಡು, ಅವನನ್ನು ಹೊತ್ತು ಬಜಾರದ ಕಡೆ ತಿರುಗಿ, ಮಾನ್ವಿಗೆಲ್ಲ ಕೇಳುವಂತೆ ಅವರೂ ಕೂಗಿದರು.

"ಬಂಡೀ! ಬಂಡೀ! ಬಂಡೀ!"